ಜೈಲಿನ ಬಾಗಿಲು ತೆರೆದ ಮೇಲೆ...

ಗಡಿ ಕಾಯ್ದ ಕೈಗಳಿಗೂ ಒಮ್ಮೊಮ್ಮೆ ಬೇಡಿ ಬೀಳುತ್ತದೆ. ಶಿಕ್ಷೆ ಮುಗಿಸಿ ಊರಿಗೆ ಬಂದ ಮಾಜಿ ಸೈನಿಕನಿಗೆ ಕೆಲಸ ಕೊಡುವವರು ಯಾರು? ಕಾನೂನು ಯಾವ ಬಾಗಿಲು ಮುಚ್ಚಿದೆ, ಯಾವುದನ್ನು ತೆರೆದಿಟ್ಟಿದೆ? ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಮಣ್ಣಿನಲ್ಲೇ ಈ ಪ್ರಶ್ನೆಗೆ ಕೆಲವು ಪಾಠಗಳಿವೆ.

ಮಸ್ಕಿ ಎಂದೊಡನೆ ಶಾಲೆಯ ಮಕ್ಕಳಿಗೆ ನೆನಪಾಗುವುದು ಅಶೋಕನ ಶಾಸನ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಇಲ್ಲಿಯ ಬಂಡೆಯ ಮೇಲಿನ ಬರಹವನ್ನು ಗುರುತಿಸಿದರು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೊರೆ ತನ್ನನ್ನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಕರೆದುಕೊಂಡಿದ್ದ. ಮಸ್ಕಿಯ ಬಂಡೆ 'ಅಶೋಕ' ಎಂಬ ಹೆಸರನ್ನು ಬಾಯಿಬಿಟ್ಟು ಹೇಳಿತು. ಪರೀಕ್ಷೆಯ ಎರಡು ಅಂಕಗಳಿಗೆ ಇಷ್ಟು ಸಾಕು. ಆದರೆ ಅದೇ ದೊರೆ ಬೇರೆ ಬೇರೆ ಕಡೆ ಕೊರೆಸಿದ ಮಾತುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ.

ಪಟ್ಟಕ್ಕೆ ಬಂದ 8 ವರ್ಷಗಳ ನಂತರ ಕಳಿಂಗವನ್ನು ಗೆದ್ದಾಗ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು ಎಂದು ಅವನೇ ಬರೆಸಿದ್ದಾನೆ. ರಣರಂಗದಲ್ಲಿ ಸತ್ತವರಿಗಿಂತ ಸೆರೆಸಿಕ್ಕಿ ಊರು ಬಿಟ್ಟವರೇ ಹೆಚ್ಚು! ಪಟ್ಟಾಭಿಷೇಕವಾಗಿ 13 ವರ್ಷಗಳಾದಾಗ 'ಧರ್ಮಮಹಾಮಾತ್ರ'ರೆಂಬ ಅಧಿಕಾರಿಗಳನ್ನು ಅವನು ನೇಮಿಸಿದ. ಅವರ ಕೆಲಸಗಳ ಪಟ್ಟಿ ಐದನೆಯ ಶಿಲಾಶಾಸನದಲ್ಲಿದೆ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯ ಮೇಲೂ ಅದನ್ನು ಕಾಣಬಹುದು. ಸೆರೆಯಾಳುಗಳಿಗೆ ನೆರವಾಗುವುದು, ಮಕ್ಕಳೊಂದಿಗರಾದವರನ್ನೂ ನೊಂದವರನ್ನೂ ಮುದುಕರನ್ನೂ ಬಿಡಿಸುವುದು ಆ ಪಟ್ಟಿಯಲ್ಲಿ ಸೇರಿವೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಗುಡಿಯೊಂದರ ಚಾವಣಿ ಕುಸಿದ ಬಳಿಕ ಬೆಳಕಿಗೆ ಬಂದ ಶಾಸನದಲ್ಲಿ, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು ಎಂಬ ತಾಕೀತು ಅಧಿಕಾರಿಗಳಿಗೆ ಇದೆ.

ಸೆರೆಯಲ್ಲಿರುವವನಿಗೆ ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ಕೇಳಬೇಕೆಂಬುದು 2,200 ವರ್ಷಗಳ ಹಿಂದಿನ ಆಡಳಿತಕ್ಕೆ ಹೊಳೆದಿತ್ತು. ಇಂದಿನ ನಮ್ಮ ಊರುಗಳಿಗೆ ಆ ಪ್ರಶ್ನೆ ಎಷ್ಟು ಹೊಳೆಯುತ್ತದೆ?

ಎರಡು ಹೆಸರಿನ ಮನುಷ್ಯ

ಸೈನಿಕರು ಬೇಗ ನಿವೃತ್ತರಾಗುತ್ತಾರೆ. ಹತ್ತೊಂಬತ್ತರ ವಯಸ್ಸಿಗೆ ಸೇರಿದ ಸಿಪಾಯಿ 17 ವರ್ಷ ಸೇವೆ ಮುಗಿಸಿದರೆ ಅವನ ವಯಸ್ಸು 36. ಶಾಲಾ ಶಿಕ್ಷಕನೋ ಗುಮಾಸ್ತನೋ ವೃತ್ತಿಯ ನಡುಹಾದಿಯಲ್ಲಿರುವ ವಯಸ್ಸದು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಂತೂ ಸೇವೆ ನಾಲ್ಕೇ ವರ್ಷ. ಆ ಬಳಿಕ ಸೇನೆಯಲ್ಲಿ ಉಳಿಯುವವರು ಹೆಚ್ಚೆಂದರೆ ಶೇ. 25. ಹೀಗೆ ಊರಿಗೆ ಬಂದ ಮಾಜಿ ಸೈನಿಕರಲ್ಲಿ ಬಹುತೇಕರು ಜೈಲಿನ ದಾರಿಯನ್ನೇ ನೋಡಿದವರಲ್ಲ. ಆದರೆ ಕೆಲವರ ಬದುಕಿನಲ್ಲಿ ಒಂದು ಕೆಟ್ಟ ಗಳಿಗೆ ಬಂದುಬಿಡುತ್ತದೆ.

ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ ಎಂದಿಟ್ಟುಕೊಳ್ಳೋಣ. ಹವಾಲ್ದಾರನಾಗಿ ನಿವೃತ್ತನಾದವನು ಮೂರೆಕರೆ ಹೊಲ ಹಿಡಿದು ಕೂತಿದ್ದಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಭತ್ತ ಹೊಡೆ ಹಿರಿಯುವ ಹೊತ್ತಿಗೆ ನೀರಿಗೆ ಕಟಿಪಿಟಿ. ಒಂದು ರಾತ್ರಿ ತೂಬಿನ ಬಳಿ ಮಾತಿಗೆ ಮಾತು ಬೆಳೆದು, ಗುದ್ದಲಿಯ ಕಾವಿನ ಏಟಿಗೆ ಪಕ್ಕದ ಹೊಲದವನ ಕೈ ಮುರಿಯುತ್ತದೆ. ಕೇಸು, ಕೋರ್ಟು, ಎರಡು ವರ್ಷ ಶಿಕ್ಷೆ. ಹೋಗುವ ಮೊದಲು ಊರಿನ ಹುಡುಗರು ಅವನನ್ನು 'ಮಿಲ್ಟ್ರಿ ಕಾಕಾ' ಎನ್ನುತ್ತಿದ್ದರು. ಬಂದ ಮೇಲೆ ಅವನ ಹೆಸರು 'ಜೇಲಿಗೆ ಹೋಗಿ ಬಂದಂವ'. ಹದಿನೇಳು ವರ್ಷದ ಸೇವೆಯ ಹೆಸರನ್ನು ಎರಡು ವರ್ಷದ ಹೆಸರು ನುಂಗಿಬಿಟ್ಟಿತು.

ಇದು ಊಹೆಯ ಕಥೆ. ಆದರೆ ಇಂಥವನಿಗೆ ಎದುರಾಗುವ ಕಾನೂನುಗಳು ಊಹೆಯವಲ್ಲ.

ಮುಚ್ಚಿದ ಬಾಗಿಲುಗಳು

ನಿವೃತ್ತ ಸೈನಿಕನಿಗೆ ಸುಲಭವಾಗಿ ಸಿಗುವ ಕೆಲಸ ಯಾವುದು? ಬ್ಯಾಂಕು, ಕಾರ್ಖಾನೆ, ಆಸ್ಪತ್ರೆಗಳ ಮುಂದೆ ನಿಲ್ಲುವ ಕಾವಲಿನ ಕೆಲಸ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣಕ್ಕೆ 2005ರಲ್ಲಿ ಬಂದ ಕಾಯ್ದೆಯ 10ನೇ ಕಲಂ ಮಾಜಿ ಸೈನಿಕರಿಗೆ ಆದ್ಯತೆ ನೀಡಬಹುದು ಎನ್ನುತ್ತದೆ. ಅದೇ ಕಲಮು, ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದವರನ್ನೂ ದುರ್ನಡತೆಗಾಗಿ ಸೇನೆಯಿಂದ ವಜಾ ಆದವರನ್ನೂ ಕಾವಲುಗಾರರನ್ನಾಗಿ ನೇಮಿಸಿಕೊಳ್ಳಬಾರದು ಎಂದೂ ಹೇಳುತ್ತದೆ. ನಮ್ಮ ಹವಾಲ್ದಾರನಿಗೆ ಮೊದಲನೇ ಸಾಲು ತೆರೆದ ಬಾಗಿಲನ್ನು ಎರಡನೇ ಸಾಲು ಮುಚ್ಚುತ್ತದೆ. ಕಾವಲಿಗೆ ನಂಬಿಕಸ್ಥರು ಬೇಕೆಂಬುದು ನ್ಯಾಯವೇ. ಆದರೆ ನೀರಿನ ಜಗಳದಲ್ಲಿ ಕೈಮಾಡಿದವನಿಗೂ ಬೀಗ ಮುರಿದು ಕದ್ದವನಿಗೂ ಈ ಕಲಮು ವ್ಯತ್ಯಾಸ ಮಾಡುವುದಿಲ್ಲ.

ಎರಡನೆಯದು ಪಿಂಚಣಿ. ಇಲ್ಲಿ ಜನ ಎರಡು ಬೇರೆ ಸಂಗತಿಗಳನ್ನು ಬೆರೆಸುತ್ತಾರೆ. 1950ರ ಸೇನಾ ಕಾಯ್ದೆಯಡಿ ಸೇವೆಯಿಂದ ವಜಾ ಆದವನಿಗೆ ಸಾಮಾನ್ಯವಾಗಿ ಪಿಂಚಣಿಯ ಹಕ್ಕು ಉಳಿಯುವುದಿಲ್ಲ. ನಿವೃತ್ತಿಯಾಗಿ ಪಿಂಚಣಿ ಪಡೆಯುತ್ತಿರುವವನು ಆಮೇಲೆ ಶಿಕ್ಷೆಗೊಳಗಾದರೆ ವಿಷಯ ಬೇರೆ: ಗಂಭೀರ ಅಪರಾಧಗಳಲ್ಲಿ ಪಿಂಚಣಿಯನ್ನು ತಡೆಹಿಡಿಯುವ ಅಧಿಕಾರ ಸರ್ಕಾರಕ್ಕಿದೆ, ಜೈಲಿಗೆ ಹೋದ ಮಾತ್ರಕ್ಕೆ ಪಿಂಚಣಿ ಹೋಯಿತೆಂದು ತಿಳಿದು ಮನೆಯವರು ಕೈಚೆಲ್ಲಬಾರದು. ಇನ್ನೊಂದು ತೊಡಕೂ ಇದೆ. ಪಿಂಚಣಿದಾರ ಬದುಕಿದ್ದಾನೆ ಎಂಬ ಜೀವಂತ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಕೊಡಬೇಕು. ಅದು ತಪ್ಪಿದರೆ, ಯಾರ ಆದೇಶವೂ ಇಲ್ಲದೆ ಹಣ ನಿಲ್ಲುತ್ತದೆ.

ಮೂರನೆಯದು ಎಲ್ಲ ಕೈದಿಗಳಿಗೂ ಸೇರಿದ ಕಷ್ಟ. 2022ರ ಸರ್ಕಾರಿ ಅಂಕಿಅಂಶಗಳ ಪ್ರಕಾರ ಭಾರತದ ಜೈಲುಗಳಲ್ಲಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಊರಿನ ಬಾಯಿ ಮಾತ್ರ ತೀರ್ಪಿಗೆ ಕಾಯುವುದಿಲ್ಲ!

ಲಿಂಗಸುಗೂರಿನ ದಂಡು, ಸುರಪುರದ ದೊರೆ

ಅವಮಾನದ ಭಾರ ಎಷ್ಟೆಂಬುದಕ್ಕೆ ಈ ಸೀಮೆಯ ಇತಿಹಾಸದಲ್ಲೇ ಒಂದು ಉದಾಹರಣೆಯಿದೆ. ಲಿಂಗಸುಗೂರು ಒಂದು ಕಾಲಕ್ಕೆ ದಂಡು ಬೀಡುಬಿಟ್ಟಿದ್ದ ಊರು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ತಿರುಗಿಬಿದ್ದಾಗ ಇಲ್ಲಿಂದಲೂ ಸೈನ್ಯ ಹೋಯಿತು. ನಾಯಕ ಸೆರೆಯಾದ. ಮರಣದಂಡನೆ ಇಳಿದು ಇಳಿದು ಕೊನೆಗೆ ಚೆಂಗಲ್‌ಪಟ್ಟಿನ ಬಳಿ ನಾಲ್ಕು ವರ್ಷಗಳ ಸೆರೆವಾಸವಾಯಿತು, ಅದು ಮುಗಿದ ಮೇಲೆ ಮರಳುವ ಅವಕಾಶವೂ ಇತ್ತು ಎಂದು ಸುರಪುರದಲ್ಲಿ ಆಡಳಿತ ನೋಡಿದ್ದ ಮೆಡೋಸ್ ಟೇಲರ್ ಬರೆದಿದ್ದಾನೆ. ಆದರೆ ಸಾಗಿಸುವ ದಾರಿಯಲ್ಲೇ ನಾಯಕ ಗುಂಡಿಗೆ ಬಲಿಯಾದ. ತಾನೇ ಹಾರಿಸಿಕೊಂಡ ಗುಂಡು ಅದು ಎಂಬುದು ಟೇಲರನ ಹೇಳಿಕೆ.

ನಾಯಕ ಅಪರಾಧಿಯಲ್ಲ, ಸ್ವಾತಂತ್ರ್ಯಕ್ಕಾಗಿ ಹೋರಾಡಿದವನು. ಆದರೂ ಈ ಪ್ರಸಂಗ ಒಂದು ಮಾತನ್ನು ತೋರಿಸುತ್ತದೆ. ಮಾನವನ್ನೇ ಪ್ರಾಣವೆಂದು ನಂಬಿದ ಯೋಧನಿಗೆ ಶಿಕ್ಷೆಯ ಅವಧಿ ಎಷ್ಟು ಎಂಬ ಲೆಕ್ಕ ಸಮಾಧಾನ ಕೊಡುವುದಿಲ್ಲ. ಅವನನ್ನು ಕಾಡುವುದು ಮರಳಿದಾಗ ಜನ ನೋಡುವ ನೋಟ. ಇಂದು ಜೈಲಿನಿಂದ ಬಂದ ಮಾಜಿ ಸೈನಿಕ ಮನೆಯ ಪಡಸಾಲೆ ಬಿಟ್ಟು ಹೊರಬರದಿದ್ದರೆ, ಮಾತು ಬಿಟ್ಟರೆ, ಕುಡಿತಕ್ಕೆ ಬಿದ್ದರೆ ಅದನ್ನು ಸೊಕ್ಕು ಎಂದು ತಿಳಿಯಬಾರದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ಯುವುದು ನೆಂಟರ ಮೊದಲ ಕೆಲಸವಾಗಬೇಕು.

ಕೆಂಪುಕೋಟೆಯಿಂದ ಗಿರಣಿಗೆ, ಹೊಲಕ್ಕೆ

ಜೈಲು ಕಂಡ ಸೈನಿಕರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಊರಿಗೆ ಮರಳಿದ ಕಾಲವೊಂದು ನಮ್ಮ ದೇಶದಲ್ಲಿತ್ತು. ಅವರು ನೇತಾಜಿಯವರ ಆಜಾದ್ ಹಿಂದ್ ಫೌಜಿನ ಯೋಧರು. 1945ರ ನವೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಇವರ ಸೇನಾ ವಿಚಾರಣೆ ಶುರುವಾಯಿತು. ಭೂಲಾಭಾಯಿ ದೇಸಾಯಿ ಅವರ ಪರ ವಾದಿಸಿದರು. ಮೂವರಿಗೂ ಆಜೀವ ಗಡೀಪಾರು, ಸೇವೆಯಿಂದ ವಜಾ, ಸಂಬಳದ ಮುಟ್ಟುಗೋಲು. ಜನರ ಸಿಟ್ಟನ್ನು ಕಂಡ ದಂಡನಾಯಕ ಆಕಿನ್‌ಲೆಕ್ 1946ರ ಜನವರಿಯಲ್ಲಿ ಗಡೀಪಾರನ್ನು ಮನ್ನಾ ಮಾಡಿದ. ವಜಾ ಮತ್ತು ಮುಟ್ಟುಗೋಲುಗಳನ್ನು ಹಾಗೇ ಉಳಿಸಿದ.

ಅಂದರೆ ಅವರು ಹೊರಬಂದದ್ದು ಕೆಲಸವಿಲ್ಲದ, ಪಿಂಚಣಿಯಿಲ್ಲದ ಸೈನಿಕರಾಗಿ. ಸ್ವತಂತ್ರ ಭಾರತವೂ ಅವರನ್ನು ಸೇನೆಗೆ ಮರಳಿ ಸೇರಿಸಿಕೊಳ್ಳಲಿಲ್ಲ. ಸೆಹಗಲ್ ಕಾನ್ಪುರದ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕೆ ಸೇರಿದರು. ಧಿಲ್ಲೋನ್ ಮಧ್ಯಪ್ರದೇಶದ ಶಿವಪುರಿಯ ಕಡೆ ಹೊಲ ಮಾಡಿದರು. ಶಾ ನವಾಜ್ ಖಾನ್ 1952ರಲ್ಲಿ ಲೋಕಸಭೆಗೆ ಆರಿಸಿ ಬಂದು ಮುಂದೆ ಮಂತ್ರಿಯಾದರು. ಸಾಮಾನ್ಯ ಸಿಪಾಯಿಗಳಿಗೆ ಸ್ವಾತಂತ್ರ್ಯ ಹೋರಾಟಗಾರರ ಕೇಂದ್ರ ಪಿಂಚಣಿ ಸಿಗಲು 1972ರವರೆಗೆ ಕಾಯಬೇಕಾಯಿತು. ನಡುವಿನ ಕಾಲು ಶತಮಾನ ಅವರನ್ನು ಎತ್ತಿ ಹಿಡಿದದ್ದು ಯಾವುದು? ಊರಿನ ಗೌರವ. ಸರ್ಕಾರದ ಕಾಗದ 'ವಜಾ' ಎಂದರೂ ಜನ ಅವರನ್ನು 'ನಮ್ಮವರು' ಎಂದರು.

ಅವರು ದೇಶಕ್ಕಾಗಿ ಸೆರೆಯಾದವರು, ನಮ್ಮ ಕಥೆಯ ಹವಾಲ್ದಾರ ಜಗಳದಲ್ಲಿ ಕೈಮುರಿದವನು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ. ಆದರೆ ಬದುಕು ಮತ್ತೆ ಶುರುವಾಗುವ ವಿಧಾನ ಇಬ್ಬರಿಗೂ ಒಂದೇ: ಒಂದು ಕೆಲಸ, ಒಂದಿಷ್ಟು ನಂಬಿಕೆ.

ಮರಳುವ ದಾರಿ ಜೈಲಿನೊಳಗೇ ಶುರು

ಜೈಲು ಎಂದರೆ ಗೋಡೆಯೇ ಆಗಬೇಕೆಂದಿಲ್ಲ. ಇಂದಿನ ಸಾಂಗಲಿ ಜಿಲ್ಲೆಯ ಆಟಪಾಡಿಯ ಬಳಿ, ಅಂದಿನ ಔಂಧ್ ಸಂಸ್ಥಾನದಲ್ಲಿ, ಕೈದಿಗಳನ್ನು ಗೋಡೆಯಿಲ್ಲದ ಬಯಲಿನಲ್ಲಿಟ್ಟು ಬೇಸಾಯ ಮಾಡಿಸಿದ 'ಸ್ವತಂತ್ರಪುರ' ಎಂಬ ಪ್ರಯೋಗ ನಡೆದಿತ್ತು. ಅದರ ಹಿಂದಿದ್ದವರಲ್ಲಿ ಒಬ್ಬರು ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್. ವಿ. ಶಾಂತಾರಾಂ 1957ರಲ್ಲಿ ತೆಗೆದ 'ದೋ ಆಂಖೇ ಬಾರಹ್ ಹಾಥ್' ಚಿತ್ರಕ್ಕೆ ಸ್ಫೂರ್ತಿ ಇದೇ ಪ್ರಯೋಗ. ಆರು ಮಂದಿ ಕೈದಿಗಳನ್ನು ನಂಬಿ ಹೊಲಕ್ಕೆ ಕರೆತರುವ ಜೈಲರನ ಕಥೆ ಅದು. ಪಾಲಕರಲ್ಲಿ ಹಲವರು ನೋಡಿರಬಹುದು. ಕರ್ನಾಟಕದಲ್ಲೂ ದೇವನಹಳ್ಳಿಯ ಬಳಿಯ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ.

ನಮಗೆ ಹತ್ತಿರದ ಬಳ್ಳಾರಿಯ ಕೇಂದ್ರ ಕಾರಾಗೃಹದಲ್ಲಿ 1990ರ ದಶಕದ ಕೊನೆಯಲ್ಲಿ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಕೈದಿಗಳಿಂದಲೇ ನಾಟಕ ಆಡಿಸತೊಡಗಿದರು. ನಾಟಕಕ್ಕೂ ಪುನರ್ವಸತಿಗೂ ಏನು ಸಂಬಂಧ ಎನ್ನಬಹುದು. ನೂರಾರು ಜನರ ಮುಂದೆ ತಲೆ ಎತ್ತಿ ನಿಂತು ಮಾತಾಡುವ ಧೈರ್ಯ ಬಂದವನಿಗೆ, ನಾಳೆ ಸಿಂಧನೂರಿನ ಅಕ್ಕಿ ಗಿರಣಿಯ ಮಾಲೀಕನ ಮುಂದೆ ನಿಂತು ಕೆಲಸ ಕೇಳುವುದು ಅಷ್ಟು ಕಷ್ಟವಾಗದು.

ಜೈಲಿನಲ್ಲಿ ಮಾಡಿದ ಕೆಲಸಕ್ಕೆ ನ್ಯಾಯವಾದ ಕೂಲಿ ಸಿಗಬೇಕು, ಅದರಲ್ಲಿ ಒಂದು ಪಾಲನ್ನು ಅಪರಾಧದಿಂದ ನೊಂದವರಿಗಾಗಿ ತೆಗೆದಿಡುವ ಏರ್ಪಾಡು ಆಗಬೇಕು ಎಂದು ಸುಪ್ರೀಂ ಕೋರ್ಟು 1998ರಲ್ಲಿ ಹೇಳಿತು. ಈ ಎರಡನೇ ಮಾತು ಮುಖ್ಯವಾದದ್ದು. ಕೈ ಮುರಿದವನು ಮರಳಿ ಬದುಕಬೇಕು, ನಿಜ. ಕೈ ಮುರಿಸಿಕೊಂಡವನೂ ಅದೇ ಊರಿನಲ್ಲಿದ್ದಾನೆ. ಅವನ ನಷ್ಟ ಮರೆತ ಪುನರ್ವಸತಿ ಊರಿನ ಮನಸ್ಸನ್ನು ಗೆಲ್ಲಲಾರದು.

ಸಿಂಧನೂರಿನ ಕ್ಯಾಂಪುಗಳು ಹೇಳುವ ಪಾಠ

ಪುನರ್ವಸತಿ ಎಂಬ ಶಬ್ದದ ಅರ್ಥವನ್ನು ನಿಘಂಟಿನಲ್ಲಿ ಹುಡುಕುವುದಕ್ಕಿಂತ ಸಿಂಧನೂರಿನ ಸುತ್ತ ಒಮ್ಮೆ ತಿರುಗಾಡಿ ಬರುವುದು ಒಳ್ಳೆಯದು. ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿ ಎರೆಭೂಮಿಯನ್ನು ಗದ್ದೆ ಮಾಡಿದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ 1970ರ ದಶಕದಲ್ಲಿ ಇಲ್ಲಿ ನೆಲೆ ಕೊಟ್ಟು ಭೂಮಿ ಹಂಚಲಾಯಿತು. ಭಾಷೆ ಬೇರೆ, ಊಟ ಬೇರೆ. ಆದರೂ ಬೇರು ಬಿಟ್ಟರು. ಅವರಲ್ಲಿ ಹಲವರನ್ನು ದಶಕಗಟ್ಟಲೆ ಕಾಡಿದ್ದು ಒಂದೇ ಕೊರತೆ, ಪೌರತ್ವದ ಕಾಗದ. ದುಡಿಯುವ ಕೈಗೆ ನೆಲ, ಸೂರು ಎಷ್ಟು ಮುಖ್ಯವೋ ಕಾಗದವೂ ಅಷ್ಟೇ ಮುಖ್ಯ ಎಂಬುದನ್ನು ಆ ಕ್ಯಾಂಪುಗಳು ಕಲಿಸಿವೆ.

ಜೈಲಿನಿಂದ ಬಂದ ಮಾಜಿ ಸೈನಿಕನ ಬಳಿ ಕಸುಬು ಇರುತ್ತದೆ. ಸೇನೆಯಲ್ಲಿ ಲಾರಿ ಓಡಿಸಿದವನು, ಎಂಜಿನ್ ಬಿಚ್ಚಿ ಜೋಡಿಸಿದವನು, ವೈರಿಂಗ್ ಮಾಡಿದವನು, ಸಾವಿರ ಜನರ ಅಡುಗೆ ಬೇಯಿಸಿದವನು, ಗಾಯಕ್ಕೆ ಪಟ್ಟಿ ಕಟ್ಟಿದವನು. ಅಕ್ಕಿ ಗಿರಣಿಗಳು, ಟ್ರ್ಯಾಕ್ಟರ್ ಗ್ಯಾರೇಜುಗಳು, ಭತ್ತ ಕೊಯ್ಯುವ ಯಂತ್ರಗಳು ಇರುವ ಈ ಸೀಮೆಯಲ್ಲಿ ಇಂಥ ಕೈಗಳಿಗೆ ಕೆಲಸವಿಲ್ಲವೆಂದಲ್ಲ. ಕೇಳುವ ಧೈರ್ಯ ಅವನಿಗೆ ಬೇಕು, ಕೊಡುವ ಮನಸ್ಸು ಮಾಲೀಕನಿಗೆ ಬೇಕು. ಮೊದಲ ಮೂರು ತಿಂಗಳು ನೋಡಿ ನಿರ್ಧರಿಸುತ್ತೇನೆ ಎನ್ನುವುದರಲ್ಲಿ ಮಾಲೀಕನಿಗೆ ನಷ್ಟವೇನೂ ಇಲ್ಲ.

ತೆರೆದಿರುವ ಬಾಗಿಲುಗಳು

* ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಟ್ಟಿದೆ. ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು.

* ಸೈನಿಕರು, ಮಾಜಿ ಸೈನಿಕರು ಹಾಗೂ ಅವರ ಮನೆಯವರಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2025ರಲ್ಲಿ 'ವೀರ ಪರಿವಾರ ಸಹಾಯತಾ ಯೋಜನೆ' ಆರಂಭಿಸಿದೆ.

* ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧವಲ್ಲದಿದ್ದರೆ, 1958ರ ಪರಿವೀಕ್ಷಣಾ ಕಾಯ್ದೆಯಡಿ ನ್ಯಾಯಾಲಯವು ಜೈಲಿಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. ಹಾಗೆ ಬಿಟ್ಟವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ ಎಂದು 12ನೇ ಕಲಂ ಹೇಳುತ್ತದೆ. ಆದರೆ ಇದರಿಂದ ಹೋದ ನೌಕರಿ ತಾನಾಗಿ ಮರಳಿ ಬರುವುದಿಲ್ಲ.

* 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ ಹಲವು ಮೊಕದ್ದಮೆಗಳು ಬಾಕಿ ಇರುವವರಿಗೂ ಇದು ಅನ್ವಯಿಸದು.

* ತೀರ್ಪಿನ ಪ್ರತಿ, ಜೈಲಿನ ಬಿಡುಗಡೆ ಪತ್ರ, ಸೇನೆಯ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಆಧಾರ್, ಬ್ಯಾಂಕ್ ಪುಸ್ತಕ — ಇವಿಷ್ಟೂ ಒಂದೇ ಚೀಲದಲ್ಲಿರಲಿ. ಪಿಂಚಣಿಯ ಪ್ರಶ್ನೆಗಳಿಗೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಇವುಗಳೊಂದಿಗೇ ಹೋಗಬೇಕು.

ಮನೆ ಮತ್ತು ಶಾಲೆ

ಬೆಳಗಿನ ಜಾವ ಸೈನ್ಯ ಸೇರುವ ಆಸೆಯಿಂದ ರಸ್ತೆಯಲ್ಲಿ ಓಡುವ ಹುಡುಗರು ಈ ಮೂರೂ ಊರುಗಳಲ್ಲಿ ಕಾಣಸಿಗುತ್ತಾರೆ. ಅವರಿಗೊಂದು ಕಿವಿಮಾತು. ಜಾತ್ರೆಯ ಗದ್ದಲದಲ್ಲೋ ಹೊಲದ ಜಗಳದಲ್ಲೋ ಹೆಸರು ಠಾಣೆಗೆ ಹೋದರೆ, ಸೇರ್ಪಡೆಯ ಸಮಯದ ಪೊಲೀಸ್ ಪರಿಶೀಲನೆಯಲ್ಲಿ ಅದು ಮೇಲೆ ಬರುತ್ತದೆ. ಹಾಗೇನಾದರೂ ಆಗಿದ್ದರೆ ಅರ್ಜಿಯಲ್ಲಿ ಮುಚ್ಚಿಡಬಾರದು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಅರ್ಜಿಯಲ್ಲಿ ಕೊಡುವ ಮಾಹಿತಿ ನಿಜವಾಗಿರಬೇಕು. ಆದರೆ ಎಳೆಯ ವಯಸ್ಸಿನ ಕ್ಷುಲ್ಲಕ ತಪ್ಪುಗಳನ್ನು ಮನ್ನಿಸುವ ವಿವೇಚನೆ ನೇಮಕ ಮಾಡುವವರಿಗಿದೆ ಎಂದಿದೆ. ಹದಿನೆಂಟರೊಳಗಿನ ಮಕ್ಕಳ ತಪ್ಪಿನಿಂದ ಮುಂದೆ ಅನರ್ಹತೆ ಬರಬಾರದೆಂದು 2015ರ ಬಾಲನ್ಯಾಯ ಕಾಯ್ದೆಯೂ ಹೇಳುತ್ತದೆ. ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾದ 16 ದಾಟಿದವರಿಗೆ ಮಾತ್ರ ಈ ರಕ್ಷಣೆ ಪೂರ್ತಿ ಸಿಗುವುದಿಲ್ಲ.

ಪಾಲಕರ ಪಾಲಿನ ಕೆಲಸ ಇನ್ನೂ ಸಣ್ಣದು, ಆದ್ದರಿಂದಲೇ ಮರೆತುಹೋಗುವಂಥದ್ದು. ಜೈಲಿಗೆ ಹೋದವನ ಮಗಳು ನಿಮ್ಮ ಮಗನ ತರಗತಿಯಲ್ಲೇ ಇರಬಹುದು. 'ನಿಮ್ಮಪ್ಪ ಎಲ್ಯಾನ?' ಎಂಬ ಒಂದು ಪ್ರಶ್ನೆಗೆ ಹೆದರಿ ಶಾಲೆ ಬಿಡುವ ಮಕ್ಕಳಿದ್ದಾರೆ. ಆ ಪ್ರಶ್ನೆಯನ್ನು ಮಕ್ಕಳು ತಾವಾಗಿ ಕಟ್ಟುವುದಿಲ್ಲ. ಮನೆಯ ಕಟ್ಟೆಯ ಮೇಲೆ ಹಿರಿಯರು ಆಡಿದ ಮಾತನ್ನೇ ಅವರು ಶಾಲೆಗೆ ಒಯ್ಯುತ್ತಾರೆ. ಅಪ್ಪನಿಗೆ ನ್ಯಾಯಾಲಯ ಎರಡು ವರ್ಷ ಬರೆದಿದೆ. ಮಗಳಿಗೆ ಅದು ಒಂದು ದಿನವನ್ನೂ ಬರೆದಿಲ್ಲ.